ಕತ್ತರಿಸಿದ ಅಳು

ಜಹೀರಾಬಾದಿನ ಚಿತ್ರಮಂದಿರದ ಹಿತ್ತಲು ಗುಡಿಸಲು ಹೋದ ಈಶಮ್ಮ ಪೊರಕೆ ಎಸೆದು ಚೀರಿದಳು. ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲ ಬುಡದಲ್ಲಿ ಅಮರನಾಥ ಬಿದ್ದಿದ್ದ. ತಲೆ ಒಡೆದಿತ್ತು. ಉಸಿರಿರಲಿಲ್ಲ.

ಸಿನಿಮಾ ನೋಡಿ ಅದರ ಗುಣ ದೋಷಗಳನ್ನು ಮೊಬೈಲಿನಲ್ಲಿ ಹೇಳುವುದು ಅವನ ಹುಚ್ಚು. ಗೂಢಚಾರನ ಹೊಡೆದಾಟದ ಚಿತ್ರವೊಂದರ ಎರಡನೇ ಭಾಗ ಆ ವಾರವಷ್ಟೇ ಬಂದಿತ್ತು. "ರೈಲಿನ ಮ್ಯಾಲಿನ ಫೈಟಿಂಗ್ ಭಾರಿ ಅದ. ವಿಲನ್ನೂ ಮೊದಲಿನಕಿಂತ ಜೋರ್ ಇದ್ದಾನ. ಖರೇ, ಹೀರೋನ ತಮ್ಮ ಸತ್ತರ ಹೀರೋ ಒಂದು ಹನಿ ಕಣ್ಣೀರು ಹಾಕಲ್ಲ. ಹೆಣ ಬಿಟ್ಟು ಬೈಕ್ ಹತ್ತತಾನ. ಇಂಥವ ಎಂಥ ಅಣ್ಣ?" ಎಂದಿದ್ದ.

ಅಭಿಮಾನಿ ಸಂಘದ ಜೈಪಾಲ ಕೆಂಡವಾದ. "ಸಿಕ್ಕರ ಹೂಳ್ತೀನಿ" ಎಂದು ಚಿತ್ರಮಂದಿರದ ಮುಂದೆ ಕೂಗಿದ. ಪೊಲೀಸರು ಅವನನ್ನೇ ಹಿಡಿದರು.

* * *

ಮಗನಿಗೆ ಮಣ್ಣು ಕೊಟ್ಟ ಮಾಣಿಕಪ್ಪ ಠಾಣೆಗೆ ಬಂದರು. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು.

"ನನ ಮಗನ್ನ ಯಾಕ ಹೊಡದಿಯೋ?"

"ಬೈದೀನ್ರೀ ಕಾಕಾ, ಹೊಡದಿಲ್ಲ," ಜೈಪಾಲ ಅತ್ತ. "ಅವ ಅಂದಿದ್ದು ಖರೇನೇ ಇತ್ತು. ಹೀರೋ ಅಳಲ್ಲ. ನಾನೂ ಇಲ್ಲೇ ಮೂರು ಸಲ ನೋಡೀನಿ. ಅದಕ್ಕೇ ಸಿಟ್ಟು ಬಂತು."

ಮಾಣಿಕಪ್ಪ ಹಲ್ಲು ಕಚ್ಚಿ ಮನೆಗೆ ಮರಳಿದರು. ತಾಂಡೂರಿನಿಂದ ಬಂದ ಮಗಳು ಬಸವೇಶ್ವರಿಗೆ ಇದನ್ನು ಹೇಳಿದಾಗ ಅವಳು ಬೆಚ್ಚಿದಳು.

"ಅಳ್ತಾನಪ್ಪಾ! ತಮ್ಮನ ಗೋರಿ ಮುಂದ ಕುಂತು ಎಷ್ಟೊತ್ತು ಅಳ್ತಾನ! ಸಾಯೋ ದಿನ ಮಧ್ಯಾಹ್ನ ಅಣ್ಣ ಯಾರಿಗೂ ಹೇಳದೆ ತಾಂಡೂರಿಗೆ ಬಂದು, ಅಲ್ಲಿ ಟಾಕೀಸಿನ್ಯಾಗ ನನಗ ಅದೇ ಸಿನಿಮಾ ತೋರಿಸ್ಯಾನ. 'ತಪ್ಪು ಸಿನಿಮಾದ್ದಲ್ಲ ತಂಗೀ, ಜಹೀರಾಬಾದ್ ಟಾಕೀಸಿಂದು, ಹೋಗಿ ಕೇಳ್ತೀನಿ' ಅಂದ."

* * *

ಜನ್ಮದಲ್ಲಿ ಸಿನಿಮಾ ನೋಡದ ಮಾಣಿಕಪ್ಪ ಮಗಳ ಮಾತನ್ನು ಇನ್‌ಸ್ಪೆಕ್ಟರ್ ಸ್ವರೂಪಾಳಿಗೆ ತಿಳಿಸಿ, ಅವಳೊಂದಿಗೆ ಊರಿನ ಅದೇ ಚಿತ್ರಮಂದಿರದಲ್ಲಿ ಮ್ಯಾಟಿನಿಗೆ ಕುಳಿತರು. ತೆರೆಯ ಮೇಲೆ ತಮ್ಮ ಸತ್ತ. ಚಿತ್ರ ಒಮ್ಮೆ ಜಿಗಿಯಿತು. ಅಣ್ಣ ಬೈಕಿನ ಮೇಲಿದ್ದ. ಜನ ಶಿಳ್ಳೆ ಹೊಡೆದರು. ಮಾಣಿಕಪ್ಪನವರ ಮೈ ಉರಿಯಿತು.

ಪ್ರೊಜೆಕ್ಟರ್ ನಡೆಸುವ ನರೇಶ ತೊದಲಿದ. "ದಿನಕ್ಕ ಒಂದು ಆಟ ಹೆಚ್ಚಿಗಿ ಹಿಡೀಬೇಕ್ರಿ ಮೇಡಂ. ಫೈಟ್ ಮುಟ್ಟಬ್ಯಾಡ, ಅಳೋದು ಬಂದರ ಮುಂದ ಓಡಿಸು ಅಂತ ಸಾವ್ಕಾರ್ರು ಹೇಳ್ಯಾರ."

ಮಾಲೀಕ ಗುರುಲಿಂಗ ಕೈಮುಗಿದು ಬಂದ. ಅಮರನಾಥನ ಮಣ್ಣಿಗೂ ಬಂದು ಬಿಲ್ವಪತ್ರೆ ಹಾಕಿದವ.

"ಆ ದಿನ ಅಮರನಾಥ ನಿಮಗ ಸಿಕ್ಕಿದ್ದನೇನ್ರಿ?" ಸ್ವರೂಪಾ ಕೇಳಿದಳು.

"ಇಲ್ಲರಿ. ವಾರ ಆತು ಮುಖ ನೋಡಿ."

"ನನ ಮಗ ಸುಳ್ಳ ಹೇಳ್ಯಾನ ಗುರುಲಿಂಗಪ್ಪ," ಮಾಣಿಕಪ್ಪ ದನಿ ತಗ್ಗಿಸಿದರು. "ಹೀರೋ ಅಳ್ತಾನಂತಲ್ಲ?"

"ಬಿಡ್ರಿ ಕಾಕಾ, ಅವನೂ ತಾಂಡೂರಾಗ ನೋಡಿದ ಮ್ಯಾಲೆ ತಪ್ಪು ಒಪ್ಪಿ..."

ಗುರುಲಿಂಗ ತಟ್ಟನೆ ಬಾಗಿಲ ಕಡೆ ತಿರುಗಿದ.

"ಅವ ತಾಂಡೂರಿಗೆ ಹೋಗಿದ್ದು ಅವನ ತಂಗಿ ಹೇಳೋ ತನಕ ಅಪ್ಪಗೇ ಗೊತ್ತಿರಲಿಲ್ಲ," ಎಂದಳು ಸ್ವರೂಪಾ. "ಅಲ್ಲಿಂದ ಸೀದಾ ಇಲ್ಲಿಗೆ ಬಂದು ನಿಮಗೇ ಹೇಳ್ಯಾನ. ಚಿತ್ರ ಕತ್ತರಿಸೋದು ಊರಿಗೆ ಗೊತ್ತಾದರ ಕಂಪನಿಯವರು ಸಿನಿಮಾ ಎತ್ತಿಕೊಂಡು ಹೋಗ್ತಾರ. ಜೈಪಾಲನ ಬೆದರಿಕಿ ಊರೆಲ್ಲಾ ಕೇಳ್ಯಾದ, ಸಂಶಯ ಅವನ ಮ್ಯಾಲೇ ಹೋಗ್ತದಂತ ನೂಕಿದಿರಿ."

ಗುರುಲಿಂಗ ಗೋಡೆಗೆ ಒರಗಿದ. "ಸಾಯ್ಲಿ ಅಂತ ನೂಕಲಿಲ್ಲರಿ... ಇದನ್ನೂ ಮೊಬೈಲಿನ್ಯಾಗ ಊರಿಗೆಲ್ಲಾ ಹೇಳ್ತೀನಿ ಅಂದ, ಅದನ್ನ ಕಸ್ಕೊಳ್ಳಾಕ ಹೋದೆ..."

ಮಾಣಿಕಪ್ಪ ಅವನ ಅಂಗಿ ಹಿಡಿದೆಳೆದರು. ಕೊರಳಿನ ಲಿಂಗದ ಕರಡಿಗೆ ಹೊರಬಂತು.

"ಇದನ್ನ ಕಟ್ಟಿಕೊಂಡು ನನ ಮಗನ ಗುಂಡಿಗೆ ಪತ್ರಿ ಹಾಕಿದ್ಯಲ್ಲೋ! ಅಳೋದು ದಂಡ ಅಂತ ಕತ್ತರಿಸಿದಿ. ನನ ಮನ್ಯಾಗ ಅವರವ್ವ ಅಳಾಕ ಹತ್ಯಾಳ. ಬಾ, ಅದನ್ನೂ ಮುಂದ ಓಡಿಸು!"