ಗಾಯಗನ್ನಡಿ

ಮೇಜಿನ ಮೇಲಿದ್ದ ಬಿಳಿಯ ಕಮಾನಿನೊಳಗೆ ಹೆಂಗಸು ತೋಳು ಚಾಚಿದಳು. ಒಳಗಿನಿಂದ ತಿಳಿಗೆಂಪು ಬೆಳಕೊಂದು ಮೊಣಕೈಯಿಂದ ಭುಜದವರೆಗೆ ನಿಧಾನವಾಗಿ ಹರಿಯಿತು. ತೋಳಿನ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಎದುರಿನ ಪರದೆಯಲ್ಲಿ ಅದೇ ತೋಳಿನ ಮೇಲೆ ಗಂಡಸಿನ ಬೆರಳುಗಳ ಹಿಡಿತ ಮೂಡಿತು, ಅದರ ಕೆಳಗೆ ಹಳೆಯದೊಂದು ಪೆಟ್ಟು, ಅದರ ಕೆಳಗೆ ಇನ್ನೂ ಹಳೆಯದು. ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅವಳು ಏನನ್ನೂ ಹೇಳಬೇಕಾಗಲಿಲ್ಲ. ಕೊಟ್ಟ ಚಹಾ ಆರುವ ಮೊದಲೇ ನ್ಯಾಯಾಲಯದಿಂದ ಸಂರಕ್ಷಣಾ ಆದೇಶ ಬಂತು. ಇನ್ನು ಗಂಡ ಆ ಮನೆಯ ಹತ್ತಿರ ಸುಳಿಯುವಂತಿಲ್ಲ.

ಗದಗಿನ ಸಂರಕ್ಷಣಾ ಕೇಂದ್ರದ ಮೂಲೆಯಲ್ಲಿ ಕುಳಿತು ಡಾ. ಶಾಲ್ಮಲಾ ಹೊಂಬಳ ಇದನ್ನೆಲ್ಲ ನೋಡುತ್ತಿದ್ದಳು. ಯಂತ್ರ ಅವಳದೇ. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ‘ಆಘಾತದರ್ಶಕ’, ಜನರ ಬಾಯಲ್ಲಿ ಗಾಯಗನ್ನಡಿ. ಚರ್ಮ ಬೇಗ ಮಾಯುತ್ತದೆ, ಒಳಗಿನ ಮಾಂಸ ಹಾಗಲ್ಲ. ಪೆಟ್ಟಿಗೆ ಒಡೆದ ಕೂದಲೆಳೆಯಂಥ ರಕ್ತನಾಳಗಳು ಕಬ್ಬಿಣದ ಕಣಗಳನ್ನು ಅಲ್ಲೇ ಬಿಟ್ಟುಹೋಗುತ್ತವೆ. ಕಣ್ಣಿಗೆ ಕಾಣದ ಕಿರಣಗಳಿಂದ ಆ ಕಣಗಳನ್ನು ಓದಿ, ಪೆಟ್ಟು ಎಂದಿನದು, ಯಾವ ಕಡೆಯಿಂದ ಬಿತ್ತು, ಜಾರಿ ಬಿದ್ದದ್ದೋ ಮುಷ್ಟಿಯದೋ ಎಂದು ಯಂತ್ರ ಹೇಳುತ್ತಿತ್ತು. ಹೇಳಿದ್ದು ಒಮ್ಮೆಯೂ ತಪ್ಪಾಗಿರಲಿಲ್ಲ.

ಯಂತ್ರ ಬರುವ ಮೊದಲು ಆದೇಶಕ್ಕಾಗಿ ಹೆಂಗಸರು ತಿಂಗಳುಗಟ್ಟಲೆ ಅಲೆದು ಚಪ್ಪಲಿ ಸವೆಸುತ್ತಿದ್ದರು. ಸರ್ಕಾರ ಕಾನೂನು ತಿದ್ದಿತು, ಅಲೆದಾಟ ತಪ್ಪಿತು. ಆಮೇಲೆ ಸುಳ್ಳು ದೂರುಗಳ ಗದ್ದಲ ಎದ್ದಾಗ ಇನ್ನೊಂದು ತಿದ್ದುಪಡಿ ಬಂತು: ಯಂತ್ರದಲ್ಲಿ ಹೊಡೆತದ ಗುರುತು ಕಾಣದಿದ್ದರೆ ಆದೇಶವಿಲ್ಲ. ಮಾತಿನ ಹಿಂಸೆ, ಹಣದ ಹಿಂಸೆ, ಮನಸ್ಸಿನ ಹಿಂಸೆ ಎಂದು ಹಳೆಯ ಕಾನೂನಿನಲ್ಲಿ ಇದ್ದದ್ದೆಲ್ಲ ಪುಸ್ತಕದಲ್ಲೇ ಉಳಿಯಿತು. ಆಗ ಶಾಲ್ಮಲಾ ತಕರಾರು ಮಾಡಲಿಲ್ಲ. ತನ್ನ ಯಂತ್ರದ ಮೇಲೆ ಇಷ್ಟು ಭರವಸೆ ಇಟ್ಟರಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು, ಪಾಪ.

ಮುಂದಿನ ಸರದಿ ಸಂಜೋತಾ ಬಡಿಗೇರ ಎಂಬುವಳದು. ಅಚ್ಚುಕಟ್ಟಾಗಿ ಸೀರೆಯುಟ್ಟ, ಮೆಲುದನಿಯ ಹೆಂಗಸು. ಅವಳ ತೋಳಿನ ಮೇಲೆ ಬೆಳಕು ಹರಿಯಿತು, ಬೆನ್ನಿನ ಮೇಲೆ ಹರಿಯಿತು, ಪರದೆಯಲ್ಲಿ ನೆಲಕ್ಕೆ ಬಿದ್ದ ಗುರುತುಗಳಷ್ಟೇ ಮೂಡಿದವು. ಸಂರಕ್ಷಣಾಧಿಕಾರಿ ಮೆಹರುನ್ನೀಸಾ ಮುಲ್ಲಾ ಇನ್ನೊಮ್ಮೆ ನೋಡಿದರು. ಹೊಡೆತದ್ದು ಒಂದೂ ಇಲ್ಲ.

“ಅವರು ಹೊಡಿಯೂದಿಲ್ರೀ,” ಎಂದಳು ಸಂಜೋತಾ. “ನನಗ ಫಿಟ್ಸ್ ಐತಿ. ಸಿಟ್ಟು ಬಂದ್ರ ಗುಳಿಗಿ ಬಚ್ಚಿಡ್ತಾರ. ನಾ ಬಿದ್ದು ಒದ್ದಾಡೂದನ್ನ ಕುರ್ಚಿ ಹಾಕ್ಕೊಂಡು ಕುಂತು ನೋಡ್ತಾರ.”

ಹೊರಗಿನಿಂದ ಬೀಗ ಹಾಕುವುದು, ಅವಳು ಅಡುಗೆಮನೆಯಲ್ಲಿರುವಾಗ ಕಚೇರಿಯಿಂದಲೇ ಫೋನಿನಲ್ಲಿ ದೀಪ, ನೀರು ಬಂದ್ ಮಾಡುವುದು, ಒಂದು ದಿನ ಗುಳಿಗೆ ಸಿಗುವುದೇ ಇಲ್ಲ ನೋಡು ಎಂದು ನಗುತ್ತ ಹೇಳುವುದು, ಎಲ್ಲವನ್ನೂ ಅವಳು ಒಂದೊಂದಾಗಿ ಹೇಳಿದಳು. ಮೆಹರುನ್ನೀಸಾ ಅವಳ ಕೈ ಹಿಡಿದುಕೊಂಡೇ ಕೇಳಿದರು. ಹಳೆಯ ಕಾನೂನಾಗಿದ್ದರೆ ಇಷ್ಟೇ ಸಾಕಿತ್ತು, ಈಗ ನನ್ನ ಕೈ ಕಟ್ಟಿಹಾಕಿದ್ದಾರೆ ಎಂದು ಬೇಸರಪಟ್ಟರು. ಗುಳಿಗೆ ಕೊಡಿಸಿ, ಪೊಲೀಸರಿಗೆ ಫೋನ್ ಮಾಡಿದರು. ಯಂತ್ರ ಏನು ಹೇಳುತ್ತದೆ ಎಂದು ಪೊಲೀಸರೂ ಅದನ್ನೇ ಕೇಳಿದರು.

ಶಾಲ್ಮಲಾಗೆ ಕನಿಕರವೆನಿಸಿತು. ಎದ್ದು ಬಂದು ಸಂಜೋತಾಗೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಿದಳು. ಪಾಠ ಹೇಳುವುದು ಅವಳ ಚಟ. ಯಂತ್ರ ಬಹಳ ಸೂಕ್ಷ್ಮ, ಗುರುತು ಎಷ್ಟೇ ಸಣ್ಣದಿರಲಿ ಹಿಡಿಯುತ್ತದೆ, ಆದರೆ ಇಲ್ಲದ್ದನ್ನು ತೋರಿಸುವುದಿಲ್ಲ ಎಂದಳು.

ಸಂಜೋತಾ ಗಮನವಿಟ್ಟು ಕೇಳಿದಳು. “ಒಂದ ಪೆಟ್ಟಿದ್ರೂ ಸಾಕೇನ್ರೀ?”

“ಒಂದಿದ್ರ ಸಾಕು,” ಎಂದಳು ಶಾಲ್ಮಲಾ.

ಸಂಜೋತಾ ತಲೆಯಾಡಿಸಿ, ಚೀಲ ಎತ್ತಿಕೊಂಡು ಮನೆಗೆ ಹೋದಳು.

ಕೆಲವು ವಾರಗಳ ಮೇಲೆ ಮೆಹರುನ್ನೀಸಾ ಫೋನ್ ಮಾಡಿ ಕರೆದರು. ಯಾಕೆಂದು ಹೇಳಲಿಲ್ಲ. ಶಾಲ್ಮಲಾ ಹೋದಾಗ ಸಂಜೋತಾ ಆಸ್ಪತ್ರೆಯ ಮಂಚದ ಮೇಲಿದ್ದಳು. ತಲೆಗೆ ಪಟ್ಟಿ, ಒಂದು ಕಡೆಯ ಮುಖ ಊದಿಕೊಂಡಿತ್ತು. ಗಂಡನಿಗೆ ಯಾವ ಮಾತು ತಾಳಲಾಗದೋ ಅದು ಹೆಂಡತಿಗೆ ಗೊತ್ತಿರುತ್ತದೆ. ಅವನ ಅಣ್ಣತಮ್ಮಂದಿರು ಊಟಕ್ಕೆ ಕುಳಿತಾಗ, ಎಲ್ಲರ ಎದುರಿಗೇ ಆ ಮಾತು ಆಡಿದ್ದಳು. ಅವನು ಕೈಗೆ ಸಿಕ್ಕ ತಂಬಿಗೆ ಬೀಸಿದ್ದ. ತೋಳಿಗೆ ಬೀಳಲಿ ಎಂದು ಅವಳು ತೋಳು ಅಡ್ಡ ಹಿಡಿದಿದ್ದಳಂತೆ. ಅದು ಬಿದ್ದದ್ದು ಕಿವಿಯ ಮೇಲೆ.

ಆದೇಶ ಆಗಲೇ ಬಂದಿತ್ತು. ಯಂತ್ರ ಪೆಟ್ಟನ್ನು ಬಹಳ ಸ್ಪಷ್ಟವಾಗಿ ತೋರಿಸಿತ್ತು.

ಯಾಕೆ ಹೀಗೆ ಮಾಡಿಕೊಂಡೆ ಎಂದು ಶಾಲ್ಮಲಾ ಕೇಳಿಬಿಟ್ಟಳು. ಸಂಜೋತಾ ಕೇಳುವ ಕಿವಿಯನ್ನು ಇತ್ತ ತಿರುಗಿಸಿ ಇನ್ನೊಮ್ಮೆ ಹೇಳಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನು ನೋಡಿಯೇ ಶಾಲ್ಮಲಾಗೆ ಅಲ್ಲಿ ನಿಲ್ಲಲಾಗಲಿಲ್ಲ.

“ಒಂದ ಪೆಟ್ಟು ಸಾಕಂದಿದ್ರಲ್ರೀ ನೀವು. ಅವತ್ತು ಹೇಳಿದ್ದನ್ನ ಇವತ್ತೂ ಹೇಳೇನಿ. ನಡುವ ಕಿವಿ ಹೋತು, ಅಷ್ಟ.”

ಶಾಸನ ಸಮಿತಿಯ ಮುಂದೆ ಶಾಲ್ಮಲಾ ತಾನೇ ಹೋಗಿ ನಿಂತಳು. ಯಂತ್ರವಿರಲಿ, ಅದು ಎಷ್ಟೋ ಜನರನ್ನು ಉಳಿಸಿದೆ, ಆದರೆ ಅದರಲ್ಲಿ ಕಾಣದ್ದು ನಡೆದೇ ಇಲ್ಲ ಎನ್ನುವ ಆ ಒಂದು ಸಾಲನ್ನು ಕಿತ್ತುಹಾಕಿ ಎಂದಳು. ಸಂಜೋತಾಳ ಕತೆ ಹೇಳಿದಳು. ಹಾಗಾದರೆ ಆದೇಶವನ್ನು ಯಾವುದರ ಮೇಲೆ ಕೊಡಬೇಕು ಎಂದು ಸದಸ್ಯರೊಬ್ಬರು ಕೇಳಿದರು. ನೊಂದ ಹೆಂಗಸು ಹೇಳಿದ್ದರ ಮೇಲೆ ಎಂದಳು ಶಾಲ್ಮಲಾ. ಯಾರೋ ಸಣ್ಣಗೆ ನಕ್ಕರು.

ಅಧ್ಯಕ್ಷರು ವಯಸ್ಸಾದವರು, ನಗಲಿಲ್ಲ. “ಡಾಕ್ಟ್ರ, ನಮ್ಮ ಅವ್ವಂದಿರ ಕಾಲದಾಗ ಯಂತ್ರ ಇರ್ಲಿಲ್ಲ. ಹೆಂಗಸರು ಬಂದು ಬಾಯಿಲೇನ ಹೇಳ್ತಿದ್ರು. ಆವಾಗ ಯಾರರ ನಂಬಿದ್ರೇನು?”

ಶಾಲ್ಮಲಾಗೆ ತನ್ನ ಅವ್ವ ನೆನಪಾದಳು. ಎರಡು ಸಾವಿರದ ಇಪ್ಪತ್ತೈದರ ಆಸುಪಾಸಿನ ಮಾತು, ಶಾಲ್ಮಲಾ ಇನ್ನೂ ಕಂಕುಳ ಕೂಸು. ಅವಳನ್ನು ಎತ್ತಿಕೊಂಡು ಅವ್ವ ತವರಿಗೆ ಬಂದು, ಪಡಸಾಲೆಯಲ್ಲಿ ನಿಂತು ಗಂಡ ಕೊಡುತ್ತಿದ್ದ ಹಿಂಸೆಯನ್ನೆಲ್ಲ ಹೇಳಿದ್ದಳಂತೆ. ಎದುರಿಗೆ ಕುಳಿತಿದ್ದವರು ಹೆತ್ತವರು, ಒಡಹುಟ್ಟಿದವರು. ಕೊನೆಯವರೆಗೂ ಸುಮ್ಮನೆ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದ್ದರಂತೆ, ಹೊಡೀತಾನೇನು ಎಂದು. ಇಲ್ಲ ಎಂದಿದ್ದಳು ಅವ್ವ.

“ಹಂಗಾರ ಮತ್ತೇನವ್ವಾ,” ಅಂದಿದ್ದರಂತೆ, “ಹೊಂದ್ಕೊಂಡು ಹೋಗು.”