ನಟ್ಟಿನ ಮೇಲಿನ ಹಸಿರು ಗೆರೆ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಯಜಮಾನ್ರು ಭಾನುವಾರ ಹೋದೋರು ವಾಪಸ್ ಬಂದಿಲ್ಲ," ಎಂದಳು.

"ಎಲ್ಲಿಗೆ ಹೋಗಿದ್ರು?" ಇನ್‌ಸ್ಪೆಕ್ಟರ್ ಕೇಳಿದ.

"ಕಾರ್ಖಾನೆಗೆ. ಮುಚ್ಚಿದಾರಲ್ಲ, ಕಾರಿನ ಕಾರ್ಖಾನೆ. ಅಲ್ಲಿ ಮ್ಯಾನೇಜರ್ ಆಗಿದ್ರು."

"ಎರಡು ದಿನ ಆಯ್ತಲ್ಲಮ್ಮಾ. ಇಷ್ಟು ಹೊತ್ತು ಏನು ಮಾಡ್ತಿದ್ರಿ?"

"ಅಲ್ಲಿಂದ ಹಾಗೇ ಮಾಲೀಕರ ಮನೆಗೆ ಹೋಗಿರ್ತಾರೆ ಅಂದ್ಕೊಂಡೆ. ಇವತ್ತು ಫೋನ್ ಮಾಡಿದೆ. ಅಲ್ಲಿಗೆ ಹೋಗೇ ಇಲ್ವಂತೆ."

ದಫೇದಾರ ದೂರು ಬರೆದುಕೊಂಡ. ವಯಸ್ಸು ಅರವತ್ತೊಂದು, ನೀಲಿ ಅಂಗಿ, ಕನ್ನಡಕ, ಕರಿ ಬೂಟು. ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಆ ಹೆಂಗಸು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಲಾಗದೆ ಹಾಗೇ ಮೇಜಿನ ಮೇಲಿಟ್ಟು ಹೋದಳು.

ಆ ಕಾರ್ಖಾನೆಯ ಕತೆ ಗೊತ್ತಿಲ್ಲದವರು ಅದರ ಮುಂದಿನ ಬೀದಿಯಲ್ಲಿ ಯಾರೂ ಇರಲಿಲ್ಲ. ದೂರದ ದೇಶದ ದೊಡ್ಡ ಕಂಪನಿಯೊಂದು ತನ್ನ ಕಾರನ್ನು ಬಿಡಿಬಿಡಿಯಾಗಿ ಮರದ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಿತ್ತು. ಇಲ್ಲಿಯವರು ಜೋಡಿಸುತ್ತಿದ್ದರು. ಪರವಾನಗಿ ಅಂದರೆ ಇಷ್ಟೇ, ಹೆಸರು ಅವರದು, ಬೆವರು ಇವರದು. ಆದರೂ ಮೊದಲ ಕಾರು ಗೇಟು ದಾಟಿದ ದಿನ ಜನ ಅದರ ಹಿಂದೆ ಓಡಿದ್ದರು. ಆಮೇಲೆ ಟ್ಯಾಕ್ಸಿಯೂ ಅದೇ, ಡಾಕ್ಟರ ಕಾರೂ ಅದೇ, ಪೊಲೀಸರದೂ ಅದೇ. ಪೆಟ್ಟಿಗೆಯ ಹಲಗೆಗಳಿಂದ ಬೀದಿಯ ಅರ್ಧ ಮನೆಗಳಿಗೆ ಬಾಗಿಲು, ಮಂಚ ಆದವು. ಹತ್ತೊಂಬತ್ತು ವರ್ಷ ನಡೆಯಿತು. ಒಂದು ದಿನ ಪರವಾನಗಿ ರದ್ದಾಯಿತು, ಪೆಟ್ಟಿಗೆ ಬರುವುದು ನಿಂತಿತು. ಜಾಗದ ಮೇಲೆ ಮಾಲೀಕರ ಅಣ್ಣತಮ್ಮಂದಿರು ಕೋರ್ಟಿಗೆ ಹೋದರು. ಹನ್ನೆರಡು ವರ್ಷ ಅದು ಹಾಗೇ ತುಕ್ಕು ಹಿಡಿಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ದಫೇದಾರ ಅಲ್ಲಿಗೆ ಹೋದರು. ಕಾವಲುಗಾರ ಗೇಟು ತೆಗೆದು ಸಲಾಮು ಹೊಡೆದ.

"ಮ್ಯಾನೇಜರ್ ಬಂದಿದ್ರಾ?"

"ಭಾನುವಾರ ಬಂದಿದ್ರು ಸಾರ್. ಕೋರ್ಟಿನ ಕೇಸು ಮುಗೀತಂತೆ. ಮಿಷಿನು ಎಲ್ಲಾ ಗುಜರಿಗೆ ಕೊಡೋದು ಅಂತ ನೋಡೋಕೆ ಬಂದಿದ್ರು."

"ಯಾವಾಗ ಹೋದ್ರು?"

"ಹೋಗಿರ್ಬೇಕು."

"ಹೋಗಿರ್ಬೇಕು ಅಂದ್ರೆ ಏನಯ್ಯಾ?"

"ನಾನು ಊಟಕ್ಕೆ ಮನೆಗೆ ಹೋಗಿದ್ದೆ ಸಾರ್. ಬಂದಾಗ ಯಾರೂ ಕಾಣ್ಲಿಲ್ಲ. ಗೇಟಿಗೆ ಬೀಗ ಹಾಕಿದೆ."

"ಕೂಗಿ ನೋಡಿದ್ಯಾ?"

"ಮ್ಯಾನೇಜರ್‌ನ ಕೂಗಿ ಕರೆಯೋಕಾಗುತ್ತಾ ಸಾರ್?"

ಇನ್‌ಸ್ಪೆಕ್ಟರ್‌ಗೆ ಅವನ ಕಪಾಳಕ್ಕೆ ಬಾರಿಸಬೇಕು ಅನಿಸಿತು. ಒಳಗೆ ನಡೆದ. ಜೋಡಣೆಯ ಸಾಲಿನ ಕೊನೆಯಲ್ಲಿ ಒಂದು ಕಾರು ಚಕ್ರವಿಲ್ಲದೆ ನಿಂತಿತ್ತು. ಅದರ ಸೀಟಿನಲ್ಲಿ ಪಾರಿವಾಳ ಮೊಟ್ಟೆ ಇಟ್ಟಿತ್ತು. ಕಚೇರಿ, ಉಗ್ರಾಣ, ಶೌಚಾಲಯ, ನೀರಿನ ತೊಟ್ಟಿ, ಎಲ್ಲ ನೋಡಿದರು. ಕೊನೆಗೆ ಬಣ್ಣದ ವಿಭಾಗ. ಅಲ್ಲಿ ಬಣ್ಣ ಒಣಗಿಸುವ ಗೂಡು ಇತ್ತು. ಇಡೀ ಕಾರು ಹಿಡಿಯುವಷ್ಟು ದೊಡ್ಡ ಕಬ್ಬಿಣದ ಕೋಣೆ. ಶಾಖ ಹೊರಗೆ ಹೋಗಬಾರದೆಂದು ಗೋಡೆ ಗೇಣುದ್ದ ದಪ್ಪ, ಬಾಗಿಲು ಮುಚ್ಚಿದರೆ ಗಾಳಿಯೂ ಆಡದು. ಬಾಗಿಲಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ, ಪಟ್ಟಿಯ ಎರಡು ತುದಿಗೂ ಮುಷ್ಟಿ ಗಾತ್ರದ ನಟ್ಟು. ನಟ್ಟೆಲ್ಲ ತುಕ್ಕು, ತುಕ್ಕಿನ ಮೇಲೊಂದು ಸಣ್ಣ ಹಸಿರು ಗೆರೆ.

ದಫೇದಾರ ಲಾಠಿಯಿಂದ ಎರಡು ಸಲ ಬಡಿದ. "ಹೊರಗಿಂದ ಬೋಲ್ಟ್ ಆಗಿದೆ ಸಾರ್. ಕಾರ್ಖಾನೆ ಮುಚ್ಚಿದಾಗ ಮುಚ್ಚಿರೋದು."

ಇನ್‌ಸ್ಪೆಕ್ಟರ್ ಒಂದು ಕ್ಷಣ ನಿಂತು ಕೇಳಿದ. ಬಿಸಿಲಿಗೆ ತಗಡಿನ ಛಾವಣಿ ಟಕ್ ಟಕ್ ಅನ್ನುತ್ತಿತ್ತು. ಇಬ್ಬರೂ ಹೊರಗೆ ಬಂದರು.

ಗೇಟಿನ ಎದುರು ಒಂದು ಚಹಾ ಅಂಗಡಿ, ಪಕ್ಕದಲ್ಲಿ ಸೈಕಲ್ ರಿಪೇರಿ. ಸೈಕಲ್ ರಿಪೇರಿಯವನು ಬೋಳುತಲೆಯ ಮುದುಕ. ಒಂದು ಚಕ್ರ ತಿರುಗಿಸುತ್ತ ಕೂತಿದ್ದ.

"ಸಾರ್, ಅವನನ್ನ ಕೇಳ್ಬೇಡಿ," ಚಹಾದವನು ನಗುತ್ತ ಕೂಗಿದ. "ನಮ್ಮ ಸಡಿಲಣ್ಣನ ಮಾತೂ ಸಡಿಲವೇ!"

ಬೆಂಚಿನ ಮೇಲಿದ್ದವರು ನಕ್ಕರು. ಮುದುಕ ತಲೆ ಎತ್ತಲಿಲ್ಲ.

"ಅದ್ಯಾಕೆ ಸಡಿಲಣ್ಣ?"

"ಕಾರ್ಖಾನೆಲಿ ಸ್ಟೀರಿಂಗ್ ಪರೀಕ್ಷೆ ಮಾಡ್ತಿದ್ದ ಸಾರ್ ಇವನು. ವಿದೇಶದೋರು ತಪಾಸಣೆಗೆ ಬಂದ ದಿನ ನೋಡಿದ್ರೆ, ಇವನು ಪಾಸು ಮಾಡಿದ ಮೂರು ಗಾಡಿಲೂ ನಟ್ಟು ಸಡಿಲ! ಅಲ್ಲಿಗೆ ಪರವಾನಗಿ ಹೋಯ್ತು. ಇಡೀ ಬೀದಿಯ ಅನ್ನ ಹೋಯ್ತು. ಇವನ ಸ್ವಂತ ತಮ್ಮ ಕೆಲಸ ಹೋಯ್ತು ಅಂತ ಬಾವಿಗೆ ಬಿದ್ದ."

ಇನ್‌ಸ್ಪೆಕ್ಟರ್ ಮುದುಕನ ಹತ್ತಿರ ಹೋದ. "ಏನಪ್ಪಾ, ಭಾನುವಾರ ಮ್ಯಾನೇಜರ್‌ನ ನೋಡಿದ್ಯಾ?"

"ನೋಡಿದೆ."

"ಬಂದಿದ್ದಾ, ಹೋಗಿದ್ದಾ?"

"ಬಂದಿದ್ದು."

"ಹೋಗಿದ್ದು?"

"ಅವರು ಹೋಗಿದ್ದು ನಾನು ನೋಡ್ಲಿಲ್ಲ."

ಅದು ನಿಜವೇ ಆಗಿತ್ತು. ಇನ್ನೊಂದು ಪ್ರಶ್ನೆ ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ವಿಚಾರಿಸಲು ಹೊರಟಾಗ ಠಾಣೆಯ ಹಳೆ ಕಾರು ದಾರಿಯಲ್ಲೇ ಕಿರುಗುಟ್ಟಿತು. ಚಾಲಕ ಬೈದುಕೊಂಡು ಅಡಿಗೆ ನುಸುಳಿದ. ಇನ್‌ಸ್ಪೆಕ್ಟರ್ ಬೇಜಾರಿನಿಂದ ಬಗ್ಗಿ ನೋಡಿದ. ಗ್ರೀಸಿನ ನಡುವೆ ಒಂದು ನಟ್ಟಿನ ಮೇಲೆ ಮಾಸಿದ ಹಸಿರು ಗೆರೆ ಕಂಡಿತು.

"ಅದೇನಯ್ಯಾ ಹಸಿರು?"

"ಇದು ಆ ಕಾರ್ಖಾನೆ ಗಾಡಿ ಅಲ್ವಾ ಸಾರ್. ನಟ್ಟು ಬಿಗಿ ಮಾಡಿದ್ಮೇಲೆ ನಟ್ಟಿಂದ ಬೋಲ್ಟಿನವರೆಗೂ ಒಂದು ಗೆರೆ ಎಳೀತಿದ್ರು. ನಟ್ಟು ಅಲ್ಲಾಡಿದ್ರೆ ಗೆರೆ ಮುರಿಯುತ್ತೆ, ಗೊತ್ತಾಗುತ್ತೆ. ಬ್ರೇಕಿಗೆ ಹಳದಿ, ಇಂಜಿನ್ನಿಗೆ ಕೆಂಪು, ಸ್ಟೀರಿಂಗಿಗೆ ಹಸಿರು."

ಇನ್‌ಸ್ಪೆಕ್ಟರ್ ನೆಟ್ಟಗೆ ನಿಂತ. "ದಫೇದಾರ್ರೇ, ಆ ಗೂಡಿನ ಬಾಗಿಲಲ್ಲೂ ಹಸಿರಿತ್ತು."

"ಹಳೇ ಕಾಲದ್ದಿರ್ಬೇಕು ಸಾರ್."

"ಬಾಗಿಲಿಗೆ ಯಾವ ಸ್ಟೀರಿಂಗ್ ರೀ? ಗೆರೆ ತುಕ್ಕಿನ ಕೆಳಗಿರಲಿಲ್ಲ. ತುಕ್ಕಿನ ಮೇಲಿತ್ತು. ಹೊಳೀತಿತ್ತು. ನಡೀರಿ!"

ಗೂಡಿನ ಬಾಗಿಲಿನ ನಟ್ಟುಗಳು ಒಬ್ಬನ ಕೈಗೆ ಬಗ್ಗಲಿಲ್ಲ. ಚಾಲಕ ಮತ್ತು ದಫೇದಾರ ಇಬ್ಬರೂ ಸ್ಪ್ಯಾನರಿಗೆ ಜೋತುಬಿದ್ದ ಮೇಲೆ ಮೊದಲನೆಯದು ಕಿರುಚಿ ಬಿಟ್ಟಿತು. ಬಾಗಿಲು ತೆರೆದಾಗ ಬಂದ ವಾಸನೆಗೆ ಕಾವಲುಗಾರ ಓಡಿಹೋದ.

ಮ್ಯಾನೇಜರ್ ಬಾಗಿಲಿಗೆ ಒರಗಿಯೇ ಸತ್ತಿದ್ದ. ಕೈಯಲ್ಲಿ ಒಂದು ಬೂಟು ಇತ್ತು. ಬಡಿದು ಬಡಿದು ಅದರ ಹಿಮ್ಮಡಿ ಕಿತ್ತುಹೋಗಿತ್ತು. ಕನ್ನಡಕವನ್ನು ಮಾತ್ರ ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ.

ಚಹಾದವನನ್ನೂ ಕಾವಲುಗಾರನನ್ನೂ ಪಂಚರಾಗಿ ಕರೆದು ಪಂಚನಾಮೆ ಮಾಡಿದರು. ನಟ್ಟು ಎರಡು, ಪಟ್ಟಿ ಒಂದು, ಬೂಟು ಒಂದು ವಶ. ಕಾಣೆಯಾದ ಪ್ರಕರಣ ಕೊಲೆ ಪ್ರಕರಣವಾಯಿತು.

ಸಂಜೆ ಶವಪರೀಕ್ಷೆ ಮಾಡಿದ ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಉಸಿರುಕಟ್ಟಿ ಸತ್ತಿದ್ದಾರೆ. ಪಾಪ, ತುಂಬಾ ನಿಧಾನ. ನಿನ್ನೆ ಸಂಜೆ ಹೊತ್ತಿಗೆ ಹೋಗಿರ್ಬೇಕು."

"ನಾವು ನಿನ್ನೆ ಮಧ್ಯಾಹ್ನ..." ದಫೇದಾರ ಶುರು ಮಾಡಿದ.

"ಗೊತ್ತು ಕಣ್ರೀ," ಇನ್‌ಸ್ಪೆಕ್ಟರ್ ಗದರಿದ. "ನನಗೂ ಲೆಕ್ಕ ಬರುತ್ತೆ."

ಠಾಣೆಯ ಅಂಗಳಕ್ಕೆ ಬಂದಾಗ ದಫೇದಾರ ತನ್ನ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹಿಂದಿನ ಚಕ್ರದ ನಟ್ಟಿನ ಮೇಲೆ ಸಣ್ಣ ಹಸಿರು ಗೆರೆ ಇತ್ತು.

"ಸಾರ್. ಹೋದ ವಾರ ಚಕ್ರ ಬಿಚ್ಚಿಸಿ ಹಾಕಿಸಿದ್ದೆ. ಸಡಿಲಣ್ಣನ ಹತ್ರ."

ಮುದುಕ ಅಂಗಡಿ ಮುಚ್ಚುತ್ತಿದ್ದ. ಕಾರು ನಿಂತದ್ದನ್ನು ನೋಡಿ ಕೈ ತೊಳೆದುಕೊಂಡ, ಸಾಬೂನು ಹಾಕಿ, ಉಗುರಿನ ಸಂದಿಯನ್ನೂ ಬಿಡದೆ. ಸಾಮಾನಿನ ಚೀಲದಲ್ಲಿ ದೊಡ್ಡ ಸ್ಪ್ಯಾನರು, ಹಸಿರು ಬಣ್ಣದ ಪುಟ್ಟ ಡಬ್ಬಿ, ಕೂದಲು ಉದುರಿದ ಕುಂಚ ಸಿಕ್ಕವು.

"ಭಾನುವಾರ ಒಳಗೆ ಹೋಗಿದ್ಯಾ?"

"ಹೋಗಿದ್ದೆ."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಅವರು ಹೋಗಿದ್ದು ಕೇಳಿದ್ರಿ. ನಾನು ಹೋಗಿದ್ದು ಕೇಳ್ಲಿಲ್ಲ."

ಚಹಾ ಅಂಗಡಿಯ ಬೆಂಚಿನಲ್ಲಿ ಈ ಸಲ ಯಾರೂ ನಗಲಿಲ್ಲ. ಅವನ ತಮ್ಮನ ಹೆಂಡತಿ ಎದುರು ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹನ್ನೆರಡು ವರ್ಷದಿಂದ ಅವಳು ಅವನ ಜೊತೆ ಮಾತಾಡಿರಲಿಲ್ಲ. ಈಗಲೂ ಆಡಲಿಲ್ಲ.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಅವನು ಎಲ್ಲೂ ತಡವರಿಸಲಿಲ್ಲ. ಮಿಷಿನು ಬಿಚ್ಚಿ ನೋಡೋಕೆ ಸ್ಪ್ಯಾನರ್ ತಗೊಂಡು ಬಾ ಅಂತ ಮ್ಯಾನೇಜರೇ ಕರೆದಿದ್ದ. ಗೂಡಿನ ಬಾಗಿಲ ನಟ್ಟನ್ನೂ ಅವನಿಂದಲೇ ಬಿಚ್ಚಿಸಿದ್ದ. ಒಳಗೆ ತಾಮ್ರ ಎಷ್ಟಿದೆ ಎಂದು ಟಾರ್ಚ್ ಬಿಟ್ಟು ನೋಡುತ್ತ ಮಾತಿಗೆ ಶುರುಮಾಡಿದ್ದ.

"ಏನಂದ್ರು?"

"'ಇನ್ನೂ ಸಡಿಲಣ್ಣ ಅಂತಾರಾ ನಿನ್ನ?' ಅಂತ ನಕ್ಕರು. 'ಪಾಪ ಕಣೋ ನೀನು. ನಿನ್ನ ನಟ್ಟು ಗಟ್ಟಿಯಾಗೇ ಇತ್ತು. ಹಿಂದಿನ ದಿನ ನಾನೇ ಒಂದೊಂದನ್ನೂ ಪೂರ್ತಿ ಒಂದು ಸುತ್ತು ತಿರುಗಿಸಿದೆ. ಗೆರೆ ಬಂದು ಸರಿಯಾಗಿ ಕೂತ್ಕೊಳ್ತು. ಮಾಲೀಕರಿಗೆ ಮುಚ್ಚೋಕೆ ಒಂದು ನೆಪ ಬೇಕಿತ್ತು' ಅಂದ್ರು." ಮುದುಕ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. "ಸುತ್ತು ಪೂರ್ತಿಯಾದ್ರೆ ಗೆರೆ ಮತ್ತೆ ಕೂಡುತ್ತೆ ಸಾರ್. ಅದು ನನಗೆ ಹೊಳೀಲೇ ಇಲ್ಲ. ನಾನೇ ಕಣ್ಣು ತಪ್ಪಿದೆ ಅಂದ್ಕೊಂಡೆ. ತಮ್ಮನ್ನ ಬಾವಿಯಿಂದ ಎತ್ತಿದಾಗಲೂ ಹಾಗೇ ಅಂದ್ಕೊಂಡೆ. ಈ ಕೈ ಅವನನ್ನ ಕೊಂದ್ಹಾಕ್ತು ಅಂತ."

"ಆಮೇಲೆ?"

"ನಾನು ಹೊರಗೆ ಬಂದೆ. ಬಾಗಿಲು ಹಾಕಿದೆ."

ಮರುದಿನ ಇನ್‌ಸ್ಪೆಕ್ಟರ್ ಮ್ಯಾನೇಜರನ ಹೆಂಡತಿಯನ್ನು ಆ ನಟ್ಟಿನ ವಿಷಯ ಕೇಳಿದ. ಅವಳು ಸೆರಗಿನ ಅಂಚು ತಿರುವಿದಳು. "ಕುಡಿದಾಗ ಒಂದ್ಸಲ ಹೇಳಿದ್ರು," ಎಂದಳು. "ಯಾರಿಗೂ ಹೇಳ್ಬೇಡ ಅಂದಿದ್ರು. ನಾನೂ ಹೇಳ್ಲಿಲ್ಲ." ಅವಳ ಹೇಳಿಕೆಯನ್ನೂ ದಾಖಲಿಸಿಕೊಂಡರು. ಮಾಲೀಕನಿಗೆ ನೋಟಿಸು ಹೋಯಿತು. ಅವನ ವಕೀಲ ಬಂದು, ಮಾಲೀಕರಿಗೆ ಹುಷಾರಿಲ್ಲ ಎಂದು ಹೇಳಿ ಹೋದ.

ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ದಫೇದಾರ ಮುದುಕನಿಗೆ ಚಹಾ ಕೊಟ್ಟ. ಇನ್‌ಸ್ಪೆಕ್ಟರ್ ಎದುರಿಗೆ ಕುರ್ಚಿ ಎಳೆದುಕೊಂಡ. ಎರಡು ದಿನದಿಂದ ಅವನ ಕಿವಿಯಲ್ಲಿ ಆ ತಗಡಿನ ಟಕ್ ಟಕ್ ನಿಂತಿರಲಿಲ್ಲ. ಅದು ತಗಡೇ ಆಗಿತ್ತೋ ಅಲ್ಲವೋ ಇನ್ನು ಯಾರೂ ಹೇಳುವಂತಿರಲಿಲ್ಲ.

"ಒಂದು ಮಾತು ಕೇಳ್ತೀನಿ," ಎಂದ. ಅವನಿಗೇ ತಿಳಿಯದಂತೆ ಮಾತು ಬಹುವಚನಕ್ಕೆ ಹೋಗಿತ್ತು. "ಆ ಗೆರೆ ಎಳೆಯದೇ ಇದ್ದಿದ್ರೆ ನೀವು ಸಿಕ್ತಿರಲಿಲ್ಲ. ಯಾಕೆ ಎಳೆದ್ರಿ?"

ಮುದುಕ ಪ್ರಶ್ನೆಯೇ ಅರ್ಥವಾಗದವನಂತೆ ನೋಡಿದ.

"ಬಿಗಿ ಮಾಡಿದ್ಮೇಲೆ ಗೆರೆ ಎಳೀದೆ ಹೇಗೆ ಬಿಡೋದು ಸಾರ್?"

ಚಹಾ ಮುಗಿಸಿ ಲೋಟ ಕೆಳಗಿಟ್ಟ. ಎದ್ದು ನಿಂತು ಕೈ ಮುಂದೆ ಚಾಚಿದ. ದಫೇದಾರ ಬೇಡಿ ಹಾಕುವಾಗ ಮುದುಕ ತಗ್ಗಿದ ದನಿಯಲ್ಲಿ ಕೇಳಿದ:

"ತೆಗೆಯುವಾಗ ನಟ್ಟು ಸಡಿಲ ಇತ್ತಾ ಸಾರ್?"

"ಇಲ್ಲ," ಇನ್‌ಸ್ಪೆಕ್ಟರ್ ಹೇಳಿದ. "ಇಬ್ಬರು ಬೇಕಾದ್ರು."

ಮುದುಕ ತಲೆಯಾಡಿಸಿದ. ಆಮೇಲೆ ತಾನೇ ಮುಂದಾಗಿ ಹೊರಗೆ ನಡೆದ.