ನಾಲ್ಕು ಕೈಯಿದ್ದ ಮೆಷಿನ್ನು

"ಅಯ್ಯಯ್ಯೋ, ಎತ್ರೀ ಬ್ಯಾಗು! ನಾನೂರು ಬೀಜ ಮಲಗಿವೆ ಅಲ್ಲಿ!"

ಅವರಿಬ್ಬರ ನಡುವಿನ ಮೊದಲ ಮಾತು ಇದು. ಮಾತು ಅನ್ನಬೇಕಾದರೆ ಎರಡೂ ಕಡೆಯಿಂದ ಬರಬೇಕು, ಬಿಡಿ. ಆತ ಬ್ಯಾಗನ್ನು ಎದೆಗವಚಿಕೊಂಡು ಕಕ್ಕಾಬಿಕ್ಕಿಯಾಗಿ ನಿಂತಿದ್ದ.

ಟೇಬಲ್ಲಿನ ಮೇಲೆ ಒದ್ದೆ ಕಾಗದದ ಸುರುಳಿಗಳಿದ್ದವು, ಸುರುಳಿಯೊಳಗೆ ಸಾಲುಸಾಲು ಬೀಜ. ಏಳನೇ ದಿನ ಬಿಚ್ಚಿ, ಎಷ್ಟು ಮೊಳೆತವು ಅಂತ ಎಣಿಸಿದ ಮೇಲೇ ಆ ಬೀಜಕ್ಕೆ ಸರ್ಟಿಫಿಕೇಟು. ಈ ಲ್ಯಾಬಿನಲ್ಲಿ ಎಣಿಸುವ ಕೆಲಸ ಪುಟ್ಟಿಯದು. ಪುಟ್ಟಿ ಅಂದರೆ ಮನೆಯಲ್ಲಿ ಅಕ್ಕ ಕರೆಯುವ ಹೆಸರು. ವಯಸ್ಸು ಇಪ್ಪತ್ತೊಂಬತ್ತಾದರೂ ಅಕ್ಕನ ಬಾಯಲ್ಲಿ ಪುಟ್ಟಿ ಪುಟ್ಟಿಯೇ, ನಮಗೂ ಹಾಗೇ ಇರಲಿ.

ಆತ ಹೆಡ್ ಆಫೀಸಿನಿಂದ ಬಂದ ಸಿಸ್ಟಮ್‌ನವನು. ಮೂಲೆಯಲ್ಲಿದ್ದ ಹಳೇ ಮೆಷಿನ್ನಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕಿತ್ತು. ಸರ್ಟಿಫಿಕೇಟುಗಳೆಲ್ಲ ಅದರಿಂದಲೇ ಪ್ರಿಂಟಾಗುವುದು.

"ಈಗ ಹನ್ನೊಂದನೇ ವರ್ಷನ್‌ನಲ್ಲಿದೆ," ಎಂದು ಆತ ಸಾವರಿಸಿಕೊಂಡು ವಿವರಿಸಿದ. "ಹದಿಮೂರಕ್ಕೆ ಹೋಗ್ಬೇಕು. ನೇರವಾಗಿ ಹೋದ್ರೆ ಎಡವಟ್ಟಾಗುತ್ತೆ. ಹನ್ನೆರಡರಲ್ಲಿ ಇಳಿದು, ಮತ್ತೆ ಹತ್ತಬೇಕು."

"ಬಸ್ಸಾ?"

ಆತ ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಇನ್ನೊಂದು ಗುಳಿ ಎಲ್ಲಿ ಹೋಯಿತು ಅಂತ ಪುಟ್ಟಿ ಹುಡುಕಿದಳು, ಆಮೇಲೆ ತಾನು ಹುಡುಕುತ್ತಿದ್ದೇನೆ ಅಂತ ಗೊತ್ತಾಗಿ ತಲೆ ತಗ್ಗಿಸಿದಳು.

"ರೆಡಿಮೇಡ್ ಸಿಗಲ್ವಾ?"

"ಸಿಗುತ್ತೆ. ಆದ್ರೆ ಈ ಮೆಷಿನ್ನಿಗೆ ಅಂತ ಹಿಂದಿನವರು ಅಲ್ಲಲ್ಲಿ ಕೈಯಾರೆ ತಿದ್ದಿದ್ದಾರೆ. ಅದಕ್ಕೇ ಸೋರ್ಸ್ ಕೋಡ್ ತಂದು ಇಲ್ಲೇ ಕಟ್ಟಬೇಕು. ಬಟ್ಟೆ ತಂದು ಅಳತೆಗೆ ಹೊಲಿಸ್ತೀವಲ್ಲ, ಹಾಗೆ."

"ಎಷ್ಟು ದಿನ?"

"ಮೂರು ದಿನ," ಅಂದ ಆತ, ಪಾಪ, ಪ್ರಾಮಾಣಿಕವಾಗಿಯೇ.

ಮೂರು ದಿನ ಹೋಗಿ ಹತ್ತಾಯಿತು.

ಸ್ಕ್ರೀನಿನ ಮೇಲೆ ಅಕ್ಷರಗಳ ಸಾಲು ಬೆಳಗಿನಿಂದ ಸಂಜೆಯವರೆಗೆ ಹರಿಯುತ್ತಿತ್ತು. ಆತ ಅದರ ಮುಂದೆ ಕೈಕಟ್ಟಿ ಕೂತಿರುತ್ತಿದ್ದ. ಪುಟ್ಟಿ ಎದುರಿನ ಟೇಬಲ್ಲಿನಲ್ಲಿ ಚಿಮಟ ಹಿಡಿದು ಮೊಳಕೆ ಎತ್ತಿಡುತ್ತಿದ್ದಳು. ಎಣಿಸುವಾಗ ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಅರವತ್ತೊಂದು, ಅರವತ್ತೆರಡು, ಅರವತ್ಮೂರು. ಸರಿಯಾಗಿ ಆಗಲೇ ಆತ ತಲೆಯೆತ್ತಬೇಕೇ! ಕಣ್ಣಿಗೆ ಕಣ್ಣು ಸಿಕ್ಕಿತು ಅಂದರೆ ಲೆಕ್ಕ ಮಂಗಮಾಯ. ಮತ್ತೆ ಒಂದರಿಂದ ಶುರು.

"ತಪ್ಪೋಯ್ತಾ?" ಎಂದು ಆತ ಕೇಳುತ್ತಿದ್ದ, ಏನೂ ಅರಿಯದವನ ಹಾಗೆ.

"ಹೂಂ. ನಿಮ್ಮಿಂದ."

"ನಾನೇನ್ ಮಾಡ್ದೆ?"

"ಏನೂ ಮಾಡದೇ ಕೂತಿದ್ದೀರಲ್ಲ, ಅದೇ ತೊಂದರೆ."

ಲ್ಯಾಬಿನ ಮೇಡಂಗೂ ಅದೇ ತೊಂದರೆ, ಬೇರೆ ಅರ್ಥದಲ್ಲಿ. ಹತ್ತನೇ ದಿನ ಸಂಜೆ ಪುಟ್ಟಿಯನ್ನು ಕರೆದರು. "ಏನಮ್ಮಾ ಇವನ ಕಥೆ? ಹನ್ನೆರಡಕ್ಕೆ ಬಂದಿದೆ, ಹದಿಮೂರು ನಡೀತಿದೆ ಅಂತ ರಾಗ ಎಳೀತಾನೆ. ನಾಳೆ ನಾಲ್ಕು ಗಂಟೆಗೆ ಮೀಟಿಂಗಿನಿಂದ ಬಂದವಳೇ ಹೆಡ್ ಆಫೀಸಿಗೆ ಫೋನ್ ಮಾಡ್ತೀನಿ. ಕೆಲಸ ಬರೋರನ್ನ ಕಳಿಸಿ ಅಂತ."

ಪುಟ್ಟಿಗೆ ಎರಡು ಚಿಂತೆ ಹತ್ತಿದವು. ಆತನ ಕೆಲಸಕ್ಕೆ ಕೆಟ್ಟ ಹೆಸರು ಬರುವುದು ಒಂದು, ನಾಡಿದ್ದು ಆ ಕುರ್ಚಿಯಲ್ಲಿ ಬೇರೆ ಯಾರೋ ಕೂರುವುದು ಇನ್ನೊಂದು. ಯಾವುದಕ್ಕೆ ಹೆಚ್ಚು ಸಂಕಟವಾಯಿತು ಅಂತ ಕೇಳಬೇಡಿ.

ಮನೆಗೆ ಬಂದವಳೇ ಆ ಸಿಸ್ಟಮ್ಮಿನ ಕೈಪಿಡಿಯನ್ನು ಫೋನಿನಲ್ಲಿ ತೆರೆದು ಕೂತಳು. ಆತನಿಗೆ ಎಲ್ಲೋ ಏನೋ ತಿಳಿದಿಲ್ಲ, ಅದನ್ನು ಹುಡುಕಿ ಹೇಳಿದರಾಯಿತು ಅಂತ ಅವಳ ಯೋಚನೆ.

"ಏನೇ ಅದು, ಅಷ್ಟು ಮಗ್ನಳಾಗಿ?" ಎಂದಳು ಅಕ್ಕ, ಒಗೆದ ಬಟ್ಟೆ ಮಡಚುತ್ತಾ.

"ಆಪರೇಟಿಂಗ್ ಸಿಸ್ಟಮ್ ಕಣೇ."

"ಆಹಾ! ಟಿವಿ ರಿಮೋಟಿಗೆ ಸೆಲ್ ಹಾಕೋಕೆ ಭಾವನ್ನ ಕೂಗ್ತೀಯ. ಯಾರೇ ಅವನು?"

"ಯಾರೂ ಇಲ್ಲ, ಸುಮ್ನಿರೇ!" ಅಂದಳು ಪುಟ್ಟಿ. ಆದರೆ ಮುಖ ಎಲ್ಲವನ್ನೂ ಹೇಳಿಬಿಟ್ಟಿತ್ತು. ಅಕ್ಕ ಒಂದು ದಿಂಬಿನ ಚೀಲವನ್ನು ಮೂರು ಸಲ ಮಡಚಿ, ನಗು ಬಚ್ಚಿಟ್ಟುಕೊಂಡು ಒಳಗೆ ಹೋದಳು.

ಒಂದು ಗಂಟೆ ಓದಿದ ಮೇಲೆ ಸಿಕ್ಕಿತು. ಮೆಷಿನ್ನಿನಲ್ಲಿ ಎಷ್ಟು ಕೋರ್ ಇವೆಯೋ ಅಷ್ಟು ಕೆಲಸವನ್ನು ಒಟ್ಟಿಗೆ ಮಾಡಿಸಬಹುದು, ಆಜ್ಞೆಯ ಕೊನೆಗೆ ಒಂದು ಜೆ ಅಕ್ಷರ, ಅದರ ಪಕ್ಕ ಸಂಖ್ಯೆ. ಆತ ಮಾನಿಟರಿಗೆ ಅಂಟಿಸಿಕೊಂಡಿದ್ದ ಆಜ್ಞೆಗಳ ಚೀಟಿಯಲ್ಲಿ ಆ ಜೆ ಇರಲಿಲ್ಲ. ದಿನಾ ನೋಡಿದ ಚೀಟಿ, ಅವಳಿಗೆ ಬಾಯಿಪಾಠ. ಮೆಷಿನ್ನಿನ ಮೈಮೇಲಿನ ಸ್ಟಿಕ್ಕರಿನಲ್ಲಿ ನಾಲ್ಕು ಕೋರ್ ಅಂತ ಇದ್ದದ್ದೂ ನೆನಪಿತ್ತು. ಅಯ್ಯೋ ಪಾಪ, ಗೊತ್ತೇ ಇಲ್ಲ ಇವರಿಗೆ, ಅಂದುಕೊಂಡಳು.

ಮರುದಿನ ಎಂಟಕ್ಕೇ ಲ್ಯಾಬಿಗೆ ಹೋದಳು. ಆತ ಆಗಲೇ ಬಂದಿದ್ದ.

"ಬೇಜಾರ್ ಮಾಡ್ಕೋಬೇಡಿ," ಎಂದು ಫೋನು ಮುಂದೆ ಹಿಡಿದಳು. "ಎಲ್ಲರಿಗೂ ಎಲ್ಲಾ ಗೊತ್ತಿರಲ್ಲ. ಇಲ್ಲಿ ನೋಡಿ. ಈ ಮೆಷಿನ್ನಿಗೆ ನಾಲ್ಕು ಕೈ ಇದೆ. ನೀವು ಒಂದೇ ಕೈಯಲ್ಲಿ ಮಾಡಿಸ್ತಿದ್ದೀರ."

ಆತ ಓದಲಿಲ್ಲ. ಆತನ ಕಿವಿ ಕೆಂಪಾಯಿತು. ಮೊದಲು ಕಿವಿ, ಆಮೇಲೆ ಕುತ್ತಿಗೆ.

ಪುಟ್ಟಿ ಫೋನನ್ನು ನಿಧಾನವಾಗಿ ಕೆಳಗಿಳಿಸಿದಳು. "ನಿಮಗೆ... ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ನಾಲ್ಕೂ ಹಚ್ಚಿದ್ರೆ ನಿಮ್ಮ ಪ್ರಿಂಟಿಂಗು ನಿಧಾನ ಆಗುತ್ತೆ ಅಂತ..."

"ನಾವು ಪ್ರಿಂಟ್ ಮಾಡೋದು ಬೆಳಿಗ್ಗೆ ಅರ್ಧ ಗಂಟೆ."

ಆತ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿದ. "ಮೊದಲನೇ ದಿನ ನಿಜವಾಗ್ಲೂ ಪ್ರಿಂಟಿಂಗಿಗೋಸ್ಕರಾನೇ. ಎರಡನೇ ದಿನದಿಂದ..."

"ಎರಡನೇ ದಿನದಿಂದ?"

"ನೀವು ಎಣಿಸೋದನ್ನ ನೋಡೋಕೆ. ಬೇಗ ಮುಗಿದ್ರೆ ಬರೋಕೆ ನೆಪ ಇರಲ್ವಲ್ಲ."

ಪುಟ್ಟಿಗೆ ಹಿಗ್ಗೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಾಯಿಗೆ ಬಂತು. "ನಿಮ್ಮ ತಲೆ! ಸಂಜೆ ನಾಲ್ಕಕ್ಕೆ ಮೇಡಂ ಫೋನ್ ಮಾಡ್ತಾರೆ, ಈತನಿಗೆ ಕೆಲಸ ಬರಲ್ಲ, ಬೇರೆಯವರನ್ನ ಕಳಿಸಿ ಅಂತ. ನಿಮ್ಮನ್ನ ಹಾಗೆ ಯಾರಾದ್ರೂ ಅಂದ್ರೆ ನನಗೆ ತಡ್ಕೊಳ್ಳೋಕಾಗಲ್ಲ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿಯಾಗಿತ್ತು. ಆತ ಅವಳನ್ನೇ ನೋಡುತ್ತಿದ್ದ, ಎಡಗೆನ್ನೆಯ ಗುಳಿ ಮೆಲ್ಲಗೆ ಮೂಡುತ್ತಿತ್ತು.

"ನಗಬೇಡಿ. ನಾಲ್ಕೂ ಕೈ ಹಚ್ಚಿ."

ಹಚ್ಚಿದ. ಅರ್ಧ ಕಟ್ಟಿದ್ದು ಹಾಗೇ ಉಳಿದಿತ್ತು, ಮಿಕ್ಕಿದ್ದು ಸರಸರ ಸಾಗಿತು. ಸ್ಕ್ರೀನಿನ ಅಕ್ಷರಗಳು ಓದಲೂ ಆಗದಂತೆ ಓಡಿದವು. ಮೆಷಿನ್ನಿನ ಫ್ಯಾನು ಮೊದಲ ಬಾರಿಗೆ ಜೋರಾಗಿ ಬುಸುಗುಟ್ಟಿತು. ಹನ್ನೆರಡೂವರೆಗೆ ಕಟ್ಟಿದ್ದಾಯಿತು, ಎರಡಕ್ಕೆ ಸಿಸ್ಟಮ್ಮಿನ ತಿರುಳಾದ ಹೊಸ ಕರ್ನಲ್ ಹಾಕಿ ಮೆಷಿನ್ನನ್ನು ಮತ್ತೆ ಎಬ್ಬಿಸಿದ್ದಾಯಿತು. ಕೊನೆಗೆ ಅದು ಹಳೇ ಸೆಟಿಂಗು ಹೊಸ ಸೆಟಿಂಗು ಎರಡನ್ನೂ ಅಕ್ಕಪಕ್ಕ ತೋರಿಸಿ, ಯಾವುದು ಬೇಕು ಅಂತ ಒಂದೊಂದಾಗಿ ಕೇಳತೊಡಗಿತು. ಪ್ರಿಂಟರಿನ ಸರದಿ ಬಂದಾಗ ಆತನ ಬೆರಳು ಹೊಸದರತ್ತ ಹೋಯಿತು.

"ಬೇಡ, ಹಳೇದೇ ಇರ್ಲಿ!" ಎಂದು ಪುಟ್ಟಿ ಅವನ ಕೈ ಹಿಡಿದಳು. "ನಮ್ಮ ಸರ್ಟಿಫಿಕೇಟಿನ ಅಳತೆ ಅದರಲ್ಲೇ ಇರೋದು."

ಹಳೇದನ್ನೇ ಇಟ್ಟರು. ಕೈ ಬಿಡುವುದಕ್ಕೆ ಇಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಪ್ರಿಂಟರಿನಿಂದ ಸರ್ಟಿಫಿಕೇಟು ಹೊರಬರುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಅಂತೂ ಇಂತೂ ಆಯ್ತಪ್ಪ," ಎಂದು ಕೈಯಲ್ಲಿದ್ದ ಫೋನನ್ನು ಪರ್ಸಿಗೆ ಹಾಕಿಕೊಂಡರು.

ಆತ ಚೀಟಿ ಕಿತ್ತು ಬ್ಯಾಗು ತುಂಬಿಕೊಂಡ. ಪುಟ್ಟಿ ಬಾಗಿಲವರೆಗೆ ಬಂದಳು.

"ನಾಳೆ ಬನ್ನಿ," ಅಂದಳು.

"ಏನು ಕೆಲಸ ಅಂತ ಹೇಳ್ಲಿ?"

"ಕೆಲಸ ಇಲ್ಲ ಅಂತ ಹೇಳಿ. ಸುಳ್ಳು ಸಾಕು."

ಮರುದಿನ ಹತ್ತಕ್ಕೆ ಆತ ಬಂದ. ಬ್ಯಾಗಿರಲಿಲ್ಲ, ಇಸ್ತ್ರಿ ಮಾಡಿದ ಶರ್ಟಿತ್ತು.

"ಏನ್ರೀ, ಕೆಟ್ಟೋಯ್ತಾ?" ಎಂದು ಮೇಡಂ ಗಾಬರಿಯಾದರು.

"ಇಲ್ಲ ಮೇಡಂ, ಮೆಷಿನ್ ಚೆನ್ನಾಗಿದೆ."

"ಮತ್ತೇನು ಕೆಲಸ?"

"ಕೆಲಸ ಏನಿಲ್ಲ ಮೇಡಂ."

ಮೇಡಂ ಆತನನ್ನು ನೋಡಿದರು, ಪುಟ್ಟಿಯನ್ನು ನೋಡಿದರು. ಅವಳ ತುಟಿ ಅರವತ್ಮೂರಕ್ಕೆ ಬಂದು ನಿಂತುಬಿಟ್ಟಿತ್ತು. "ಓಹೋ," ಅಂದರು ಮೇಡಂ, ತಾವೇ ಒಂದು ಕುರ್ಚಿ ಎಳೆದು ಪುಟ್ಟಿಯ ಟೇಬಲ್ಲಿನ ಪಕ್ಕಕ್ಕಿಟ್ಟು ತಮ್ಮ ರೂಮಿಗೆ ಹೋದರು.

ಪುಟ್ಟಿ ಇನ್ನೊಂದು ಚಿಮಟ ತೆಗೆದು ಆತನ ಕಡೆ ಚಾಚಿದಳು. "ಎಣಿಸೋಕೆ ಬರುತ್ತಾ?"

"ಬರಲ್ಲ. ಕಲಿಸಿ."

"ಎಷ್ಟು ದಿನದಲ್ಲಿ ಕಲೀತೀರ?"

ಆತ ಚಿಮಟವನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂತ. "ಒಂದೇ ಕೈಯಲ್ಲಿ ಕಲೀತೀನಿ," ಅಂದ. "ತುಂಬಾ ವರ್ಷ ಆಗುತ್ತೆ."